ಪಚ್ಚಿಲೆ, ಮರುವಾಯಿಯಲ್ಲಿ ಪಾಚಿ ವಿಷ: ಯಾವ ಟೆಸ್ಟ್ ಮಾಡಿಸ್ಬೇಕು, ವಿಷ ತೆಗಿಲಿಕ್ಕೆ ಆಗ್ತದಾ?

ಅಳಿವೆಯಲ್ಲಿ ಹಗ್ಗ ಕಟ್ಟಿ ಪಚ್ಚಿಲೆ (ಮಸ್ಸೆಲ್ ಅನ್ನುವ ಚಿಪ್ಪುಮೀನು) ಬೆಳೆಸುವವರು ನನ್ನ ಹತ್ರ ಕೇಳುವ ಪ್ರಶ್ನೆ ಎರಡೇ. ವಿಷ ಉಂಟಾ ಇಲ್ವಾ ಅಂತ ನೋಡ್ಲಿಕ್ಕೆ ಯಾವ ಟೆಸ್ಟ್ ಒಳ್ಳೇದು, ಮತ್ತೆ ವಿಷ ಇದ್ರೆ ತೆಗಿಲಿಕ್ಕೆ ಯಾವ ಮೆಷಿನ್ ತಗೊಳ್ಬೇಕು. ಮೊದಲ್ನೇದಕ್ಕೆ ಐದಾರು ಉತ್ತರ ಉಂಟು, ಒಂದೊಂದಾಗಿ ಹೋಲಿಸಿ ಹೇಳ್ತೇನೆ. ಎರಡನೇದಕ್ಕೆ ಉತ್ತರ ಈಗ್ಲೇ ಹೇಳಿಬಿಡ್ತೇನೆ, ಕೆಲವರಿಗೆ ಬೇಜಾರಾಗ್ಬಹುದು: ಮೆಷಿನ್‌ಗೆ ದುಡ್ಡು ಹಾಕ್ಬೇಡಿ, ಟೆಸ್ಟಿಗೆ ಹಾಕಿ.

ಇಷ್ಟು ಖಡಾಖಡಿ ಹೇಳ್ಲಿಕ್ಕೆ ಕಾರಣ ಉಂಟು. ನಮ್ಮ ಸಂಬಂಧಿಕರೊಬ್ರು ಇರುವ ಸ್ವಸಹಾಯ ಸಂಘಕ್ಕೆ ಒಬ್ಬ ಡೀಲರ್ ಯುವಿ ಲೈಟ್ ಇರುವ ಟ್ಯಾಂಕ್ ತೋರಿಸಿ, ಇದರಲ್ಲಿ ಎರಡು ದಿನ ಬಿಟ್ರೆ ಬ್ಯಾಕ್ಟೀರಿಯಾ, ವಿಷ ಎಲ್ಲ ಹೋಗ್ತದೆ ಅಂತ ಹೇಳಿ ಕೊಟೇಶನ್ ಕೊಟ್ಟು ಹೋಗಿದ್ದ, ಅವರು ಸಾಲಕ್ಕೆ ಅರ್ಜಿ ಬರಿಯುವ ತಯಾರಿಯಲ್ಲಿದ್ರು. ಬ್ಯಾಕ್ಟೀರಿಯಾ ವಿಷಯ ನಿಜ. ವಿಷದ ವಿಷಯ ಪೂರ್ತಿ ಸುಳ್ಳು. ಆ ಟ್ಯಾಂಕ್ ನಂಬಿ ಯಾರಾದ್ರೂ ಮಾಲು ಮಾರಿದ್ರೆ ಎಂತ ಆಗ್ತಿತ್ತು ಅಂತ ಯೋಚನೆ ಮಾಡಿದ್ರೆ ನನಗೆ ಈಗ್ಲೂ ನಿದ್ದೆ ಬರುದಿಲ್ಲ.

ಇದೆಲ್ಲ ಅಮೆರಿಕ, ಕೆನಡಾದ ಸಮಸ್ಯೆ, ನಮ್ಮಲ್ಲಿ ಎಂತ ಇಲ್ಲ ಅನ್ನುವವರು ಇದ್ದಾರೆ. 1983ರಲ್ಲಿ ಮಂಗಳೂರಿನ ಬುಡದಲ್ಲೇ, ಕುಂಬಳೆ ಅಳಿವೆಯ ಮರುವಾಯಿ (ಕ್ಲಾಮ್ ಅನ್ನುವ ಚಿಪ್ಪುಮೀನು) ತಿಂದು ಒಬ್ಬ ಹುಡುಗ ತೀರಿಕೊಂಡ, ಜೊತೆಗೆ ತಿಂದ ಕೆಲವರು ಆಸ್ಪತ್ರೆ ಸೇರಿದ್ರು. ಮಂಗಳೂರಿನ ಫಿಶರೀಸ್ ಕಾಲೇಜಿನ ಕರುಣಾಸಾಗರ್ ದಂಪತಿ ಮತ್ತು ಅವರ ಜೊತೆಗಾರರು ಅದು ಪಾಚಿಯಿಂದ ಬಂದ ವಿಷ ಅಂತ ಪತ್ತೆ ಮಾಡಿ 1984ರಲ್ಲಿ ಪ್ರಕಟಿಸಿದ್ರು. 1981ರಲ್ಲಿ ತಮಿಳುನಾಡಿನಲ್ಲಿ ಮೂರು ಜನ, 1997ರ ಸೆಪ್ಟೆಂಬರಿನಲ್ಲಿ ಕೇರಳದ ವಿಳಿಂಜಂ ಹತ್ರ ಪಚ್ಚಿಲೆ ತಿಂದು ಏಳು ಜನ ಸತ್ತು ಸುಮಾರು 500 ಜನ ಆಸ್ಪತ್ರೆಗೆ ಹೋದ್ರು. ನಮ್ಮದೇ ಕಡಲು, ನಮ್ಮದೇ ಊಟ.

ಮೊದ್ಲು ಯಾವ ವಿಷ ಅಂತ ಗೊತ್ತಿರ್ಲಿ

ಪಚ್ಚಿಲೆ, ಮರುವಾಯಿ, ಓಯ್ಸ್ಟರ್ ಎಲ್ಲ ನೀರು ಸೋಸಿ ತಿನ್ನುವ ಪ್ರಾಣಿಗಳು. ನೀರಲ್ಲಿ ವಿಷದ ಪಾಚಿ ಇದ್ರೆ ಅದನ್ನೂ ತಿಂತವೆ, ಅವುಗಳಿಗೆ ಹೆಚ್ಚೇನೂ ಆಗುದಿಲ್ಲ, ಮೈಯಲ್ಲಿ ಶೇಖರಣೆ ಆಗ್ತದೆ. ನೋಡ್ಲಿಕ್ಕೆ ಫ್ರೆಶ್, ವಾಸನೆ ಸರಿ, ರುಚಿ ಸರಿ.

ಟೆಸ್ಟ್ ಕೇಳುವ ಮೊದ್ಲು ವಿಷದ ಗುಂಪು ಗೊತ್ತಿರ್ಬೇಕು, ಯಾಕಂದ್ರೆ ಒಂದು ವಿಷಕ್ಕೆ ಮಾಡುವ ಟೆಸ್ಟ್ ಇನ್ನೊಂದಕ್ಕೆ ಕುರುಡು. ಸ್ಯಾಕ್ಸಿಟಾಕ್ಸಿನ್ ಗುಂಪು ಎಲ್ಲಕ್ಕಿಂತ ಭಯಂಕರ, ತುಟಿ ನಾಲಗೆ ಜುಂ ಅನ್ಲಿಕ್ಕೆ ಶುರುವಾಗಿ ಕೊನೆಗೆ ಉಸಿರಾಟದ ಸ್ನಾಯು ನಿಲ್ತದೆ, ಇದಕ್ಕೆ ಪ್ರತಿ ಮದ್ದು ಇಲ್ಲ. ಅಲೆಕ್ಸಾಂಡ್ರಿಯಂ, ಜಿಮ್ನೋಡಿನಿಯಂ ಕೆಟಿನೇಟಂ, ಪೈರೋಡಿನಿಯಂ ಅನ್ನುವ ಪಾಚಿಗಳಿಂದ ಬರ್ತದೆ. ಒಕಡಾಯಿಕ್ ಆಸಿಡ್ ಗುಂಪು ಡೈನೊಫೈಸಿಸ್‌ನಿಂದ ಬರ್ತದೆ, ಜೋರು ಭೇದಿ, ಎರಡು ಮೂರು ದಿನದಲ್ಲಿ ಹುಷಾರಾಗ್ತದೆ, ಹಾಗಾಗಿ ಎಷ್ಟೋ ಜನ ಮೀನು ಹಾಳಾಗಿತ್ತು ಅಂದ್ಕೊಂಡು ಸುಮ್ಮನಾಗ್ತಾರೆ. ಡೊಮೊಯಿಕ್ ಆಸಿಡ್ ನೆನಪಿನ ಶಕ್ತಿಯನ್ನೇ ಹಾಳು ಮಾಡ್ತದೆ. ಅಜಾಸ್ಪಿರಾಸಿಡ್ ಮತ್ತೆ ಬ್ರೆವಿಟಾಕ್ಸಿನ್ ಅಂತ ಇನ್ನೆರಡು ಉಂಟು, ಒಂದು ಐರ್ಲೆಂಡ್ ಕಡೆ ಜಾಸ್ತಿ, ಇನ್ನೊಂದು ಫ್ಲಾರಿಡಾ ಕಡೆ.

ಆಹಾರಕ್ಕೆ ಅಂತರರಾಷ್ಟ್ರೀಯ ಮಾನದಂಡ ಇಡುವ ಕೋಡೆಕ್ಸ್ ಇಟ್ಟಿರುವ ಮಿತಿ ಕಿಲೋ ಮಾಂಸಕ್ಕೆ ಹೀಗೆ: ಸ್ಯಾಕ್ಸಿಟಾಕ್ಸಿನ್ 0.8 ಮಿಲಿಗ್ರಾಂ, ಒಕಡಾಯಿಕ್ ಮತ್ತು ಅಜಾಸ್ಪಿರಾಸಿಡ್ 0.16 ಮಿಲಿಗ್ರಾಂ, ಡೊಮೊಯಿಕ್ 20 ಮಿಲಿಗ್ರಾಂ. ಲ್ಯಾಬ್ ರಿಪೋರ್ಟ್ ಕೈಗೆ ಬಂದಾಗ ಈ ನಂಬರ್ ಹತ್ರ ಇಟ್ಟು ನೋಡಿ. ಯೂನಿಟ್ ಕೂಡ ನೋಡಿ, ಕೆಲವರು 100 ಗ್ರಾಮಿಗೆ ಎಷ್ಟು ಮೈಕ್ರೊಗ್ರಾಂ ಅಂತ ಬರಿತಾರೆ, ಆಗ ಸ್ಯಾಕ್ಸಿಟಾಕ್ಸಿನ್ ಮಿತಿ 80 ಆಗ್ತದೆ. 70 ಅಂತ ಬಂದದ್ದನ್ನು ಕಿಲೋ ಲೆಕ್ಕದ 800 ಮೈಕ್ರೊಗ್ರಾಮಿನ ಜೊತೆ ಹೋಲಿಸಿ ಖುಷಿ ಪಟ್ಟವರನ್ನು ನಾನು ನೋಡಿದ್ದೇನೆ, 70 ಅಂದ್ರೆ ಮಿತಿಯ ಬಾಗಿಲಲ್ಲಿ ನಿಂತ ಹಾಗೆ.

ನೀರು ನೋಡುದಾ, ಮಾಂಸ ನೋಡುದಾ

ನೀರು ನೋಡುದು ಅಗ್ಗ. 20 ಮೈಕ್ರಾನ್ ಬಲೆ ಎಳೆದು, ಬಾಟಲಿಗೆ ಲ್ಯೂಗೋಲ್ ಅಯೋಡಿನ್ ಹಾಲು ಹಾಕದ ಚಾ ಬಣ್ಣ ಬರುವಷ್ಟು ಹಾಕಿ, ಒಂದು ಸಾಧಾರಣ ಮೈಕ್ರೊಸ್ಕೋಪ್‌ನಲ್ಲಿ ನೋಡಿದ್ರೆ ಯಾರ್ಯಾರು ಬಂದಿದ್ದಾರೆ ಅಂತ ಗೊತ್ತಾಗ್ತದೆ. ಡೈನೊಫೈಸಿಸ್‌ಗೆ ಕುತ್ತಿಗೆ ಹತ್ರ ಕಾಲರ್ ಇದ್ದ ಹಾಗೆ ಇರ್ತದೆ, ಒಂದು ಸಲ ನೋಡಿದ್ರೆ ಮರೆಯುದಿಲ್ಲ. ಜಿಮ್ನೋಡಿನಿಯಂ ಕೆಟಿನೇಟಂ ಮಣಿಸರದ ಹಾಗೆ ಉದ್ದಕ್ಕೆ ಕೂಡಿಕೊಂಡಿರ್ತದೆ. ಡೊಮೊಯಿಕ್ ಆಸಿಡ್ ಮಾಡುವ ಸ್ಯೂಡೊನಿಟ್ಷಿಯಾ ಸೂಜಿಗೆ ಸೂಜಿ ತುದಿ ತಾಗಿಸಿ ಇಟ್ಟ ಹಾಗೆ. ಬಿಎಸ್ಸಿ ಮಾಡಿದ ಊರಿನ ಹುಡುಗಿಯೊಬ್ಬಳು ನಾಲ್ಕು ವಾರದಲ್ಲಿ ಇದನ್ನೆಲ್ಲ ಕಲಿತಳು, ಈಗ ನನಗಿಂತ ಬೇಗ ಗುರುತು ಹಿಡಿತಾಳೆ.

ಆದ್ರೆ ಕೋಶ ಎಣಿಸಿ ವಿಷ ಎಷ್ಟು ಅಂತ ಅಳೆಯಲಿಕ್ಕೆ ಆಗುದಿಲ್ಲ. ಒಂದೇ ಜಾತಿಯಲ್ಲಿ ವಿಷ ಮಾಡುವ ತಳಿಯೂ ಉಂಟು, ಮಾಡದ್ದೂ ಉಂಟು. ಬ್ರಿಟನ್‌ನಲ್ಲಿ ಡೈನೊಫೈಸಿಸ್ ಲೀಟರಿಗೆ ಬರೀ 100 ಕೋಶ ಕಂಡ್ರೆ ಎಚ್ಚರಿಕೆ ಕೊಡ್ತಾರೆ, ಆ ಲೆಕ್ಕಕ್ಕೆ ನೀರಿನ ಬಣ್ಣ ಒಂಚೂರೂ ಬದಲಾಗಿರುದಿಲ್ಲ. ಹಾಗಾಗಿ "ಕಡಲು ಕೆಂಪಾಗಿಲ್ಲ, ಹೆದರ್ಲಿಕ್ಕೆ ಇಲ್ಲ" ಅನ್ನುದು ತಪ್ಪು ಲೆಕ್ಕ. ನಮ್ಮ ಕರಾವಳಿಯಲ್ಲಿ ರಾತ್ರಿ ತೆರೆ ನೀಲಿಯಾಗಿ ಹೊಳೆದಾಗ ಎಲ್ರೂ ವಿಡಿಯೋ ಮಾಡಿ ವಿಷ ವಿಷ ಅಂತ ಕಳಿಸ್ತಾರಲ್ಲ, ಅದು ಹೆಚ್ಚಾಗಿ ನಾಕ್ಟಿಲೂಕಾ, ಅದರಿಂದ ಪಚ್ಚಿಲೆ ತಿಂದವರಿಗೆ ಈ ತರದ ವಿಷ ಬರುದಿಲ್ಲ. ಕಣ್ಣಿಗೆ ಕಾಣುದು ಒಂದು, ಅಪಾಯ ಇರುದು ಇನ್ನೊಂದು.

ನ್ಯೂಜಿಲೆಂಡಿನವರು 2004ರಲ್ಲಿ ತೋರಿಸಿದ ಒಂದು ಉಪಾಯ ಉಂಟು, ರಾಳದ ಮಣಿ ತುಂಬಿದ ಸಣ್ಣ ಬಟ್ಟೆ ಚೀಲ ನೀರಲ್ಲಿ ಕಟ್ಟಿ ಬಿಡುದು, ಅದು ವಾರದಲ್ಲಿ ನೀರಿನ ವಿಷ ಹೀರಿಕೊಳ್ತದೆ, ತೆಗೆದು ಲ್ಯಾಬಿಗೆ ಕಳಿಸುದು. ಸಂಶೋಧನೆಗೆ ಚಂದ. ಕೊಯ್ಲು ಮಾಡ್ಬೇಕಾ ಬೇಡ್ವಾ ಅಂತ ನಿರ್ಧಾರ ಮಾಡ್ಲಿಕ್ಕೆ ಮಾಂಸದ ಟೆಸ್ಟೇ ಬೇಕು.

ಮಾಂಸದ ಟೆಸ್ಟ್‌ಗಳು

ಹಳೇದು ಇಲಿ ಟೆಸ್ಟ್. 1937ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸೊಮ್ಮರ್ ಮತ್ತು ಮೇಯರ್ ಅನ್ನುವವರು ಶುರು ಮಾಡಿದ್ದು. 100 ಗ್ರಾಂ ಮಾಂಸ ಅರೆದು ಅಷ್ಟೇ ತೆಳು ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಐದು ನಿಮಿಷ ಕುದಿಸಿ, ಅದರ ರಸ ಒಂದು ಮಿಲಿ 20 ಗ್ರಾಮಿನ ಬಿಳಿ ಇಲಿಯ ಹೊಟ್ಟೆಗೆ ಚುಚ್ಚಿ, ಸಾಯ್ಲಿಕ್ಕೆ ಎಷ್ಟು ನಿಮಿಷ ಸೆಕೆಂಡ್ ಹಿಡಿತು ಅಂತ ವಾಚ್ ಹಿಡಿದು ನೋಡುದು. ಕೆಟ್ಟ ಕೆಲ್ಸ, ಮಾಡುವವರಿಗೂ ಮನಸ್ಸು ಹಿಂಡ್ತದೆ. ಮಿತಿಯ ಅರ್ಧದಷ್ಟು ವಿಷ ಇದ್ರೆ ಮಾತ್ರ ಗೊತ್ತಾಗ್ತದೆ, ಡೊಮೊಯಿಕ್ ಆಸಿಡ್‌ಗೆ ಅಷ್ಟೂ ಸಾಲದು, ಒಕಡಾಯಿಕ್ ಟೆಸ್ಟ್‌ನಲ್ಲಂತೂ ಮಾಂಸದ ಕೊಬ್ಬಿನ ಆಮ್ಲದಿಂದಲೇ ಇಲಿ ಸತ್ತು ಸುಳ್ಳು ಪಾಸಿಟಿವ್ ಬರ್ತದೆ. ಯುರೋಪಿನವರು 2011ರ ಜುಲೈಯಿಂದ ಕೊಬ್ಬಿನಲ್ಲಿ ಕರಗುವ (ಒಕಡಾಯಿಕ್, ಅಜಾಸ್ಪಿರಾಸಿಡ್ ತರದ) ವಿಷಗಳಿಗೆ, ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಎಲ್‌ಸಿ-ಎಂಎಸ್ ಯಂತ್ರವನ್ನೇ ಮುಖ್ಯ ವಿಧಾನ ಮಾಡಿ, 2019ರಿಂದ ಸ್ಯಾಕ್ಸಿಟಾಕ್ಸಿನ್‌ಗೂ ಇಲಿ ಬಿಟ್ಟು, ಅಣುಗಳನ್ನು ಬೇರ್ಪಡಿಸಿ ಬೆಳಕಿನಿಂದ ಅಳೆಯುವ ಎಚ್‌ಪಿಎಲ್‌ಸಿಗೆ ಬಂದ್ರು.

ಆದ್ರೂ ಇಲಿ ಟೆಸ್ಟಿನ ಒಂದು ಗುಣ ಹೇಳ್ಲೇಬೇಕು. 1987ರಲ್ಲಿ ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಸಾಕಿದ ಪಚ್ಚಿಲೆ ಜಾತಿಯದ್ದೇ ತಿಂದು ನೂರಕ್ಕೂ ಮಿಕ್ಕಿ ಜನ ಕಾಯಿಲೆ ಬಿದ್ದು ಮೂರು ಜನ ಸತ್ತಾಗ, ಅದು ಎಂತ ಅಂತ ಯಾರಿಗೂ ಗೊತ್ತಿರ್ಲಿಲ್ಲ. ಇಲಿಗಳು ಸ್ಯಾಕ್ಸಿಟಾಕ್ಸಿನ್‌ನ ಹಾಗೆ ಸಾಯದೆ ಹಿಂಗಾಲಲ್ಲಿ ಭುಜ ಕೆರ್ಕೊಳ್ಲಿಕ್ಕೆ ಶುರು ಮಾಡಿದ್ವು. ಇದು ಬೇರೆಯೇ ಎಂತದೋ ಅಂತ ಗೊತ್ತಾದದ್ದು ಹಾಗೆ, ಆಮೇಲೆ ಡೊಮೊಯಿಕ್ ಆಸಿಡ್ ಸಿಕ್ಕಿತು. ಯಂತ್ರ ಹುಡುಕು ಅಂತ ಹೇಳಿದ್ದನ್ನು ಮಾತ್ರ ಹುಡುಕ್ತದೆ. ಹೊಸ ವಿಷ ಬಂದ್ರೆ ಯಂತ್ರ ಕ್ಲೀನ್ ಅಂತ ರಿಪೋರ್ಟ್ ಕೊಡ್ತದೆ. 1995ರಲ್ಲಿ ಐರ್ಲೆಂಡಿನ ಪಚ್ಚಿಲೆ ತಿಂದು ನೆದರ್‌ಲ್ಯಾಂಡ್ಸ್‌ನಲ್ಲಿ ಜನ ಕಾಯಿಲೆ ಬಿದ್ದಾಗಲೂ ಒಕಡಾಯಿಕ್ ಕಮ್ಮಿಯೇ ಇತ್ತು, ಅಜಾಸ್ಪಿರಾಸಿಡ್ ಅಂತ ಆಮೇಲೆ ಗೊತ್ತಾಯ್ತು. ಹಾಗಾಗಿ ರಿಪೋರ್ಟ್ ಸರಿ ಇದ್ದು ಜನಕ್ಕೆ ಕಾಯಿಲೆ ಬಂದ್ರೆ ಜನರನ್ನು ನಂಬಿ, ರಿಪೋರ್ಟನ್ನಲ್ಲ.

ಎಲ್‌ಸಿ-ಎಂಎಸ್ ಈಗಿನ ರಾಜ. ಒಂದೇ ರನ್ನಿನಲ್ಲಿ ಒಕಡಾಯಿಕ್, ಅಜಾಸ್ಪಿರಾಸಿಡ್ ಎಲ್ಲ ಬೇರೆಬೇರೆಯಾಗಿ ಎಷ್ಟೆಷ್ಟು ಅಂತ ಹೇಳ್ತದೆ. ಆದ್ರೆ ಯಂತ್ರಕ್ಕೆ ಕೋಟಿ ಲೆಕ್ಕದ ದುಡ್ಡು, ಹೋಲಿಸಿ ನೋಡ್ಲಿಕ್ಕೆ ಶುದ್ಧ ವಿಷದ ಸ್ಟ್ಯಾಂಡರ್ಡ್ ಹೊರದೇಶದಿಂದ ತರಿಸ್ಬೇಕು, ನಡೆಸುವವರಿಗೆ ತರಬೇತಿ ಬೇಕು. ರೈತರ ಗುಂಪು ಇದನ್ನು ತಗೊಳ್ಳುವ ಮಾತೇ ಇಲ್ಲ, ಸ್ಯಾಂಪಲ್ ಕಳಿಸುದು ಅಷ್ಟೇ. ಕಳಿಸುವ ಮೊದ್ಲು ಲ್ಯಾಬಿಗೆ ಫೋನ್ ಮಾಡಿ "ಯಾವ್ಯಾವ ವಿಷ ನೋಡ್ತೀರಿ, ಯಾವ ವಿಧಾನ, ಎಷ್ಟು ದಿನ" ಅಂತ ಕೇಳಿ. "ಬಯೋಟಾಕ್ಸಿನ್ ಟೆಸ್ಟ್ ಮಾಡ್ತೇವೆ" ಅಂತ ಮಾತ್ರ ಹೇಳಿದ್ರೆ ಸಾಲದು. ಎಚ್‌ಪಿಎಲ್‌ಸಿ ಸ್ಯಾಕ್ಸಿಟಾಕ್ಸಿನ್‌ಗೂ ಡೊಮೊಯಿಕ್‌ಗೂ ಒಳ್ಳೇದು, ಡೊಮೊಯಿಕ್‌ಗೆ ಸಾದಾ ಯುವಿ ಡಿಟೆಕ್ಟರ್ ಸಾಕಾಗ್ತದೆ, ಅದು ಬೇಕಾದಷ್ಟು ಕಾಲೇಜುಗಳಲ್ಲಿ ಉಂಟು. ಫಿಲಿಪೈನ್ಸ್‌ನವರು ಬಳಸುವ ರಿಸೆಪ್ಟರ್ ಬೈಂಡಿಂಗ್ ಟೆಸ್ಟಿಗೆ ವಿಕಿರಣ ವಸ್ತು ಬೇಕು, ನಮ್ಮ ಮಾತಿಗೆ ಅದು ದೂರ.

ಆಂಟಿಬಾಡಿ ಬಳಸಿ ಬಣ್ಣದಿಂದ ವಿಷ ಅಳೆಯುವ ಎಲೈಸಾ ಕಿಟ್ ಅಂದ್ರೆ ನಡುವಿನ ದಾರಿ, 96 ಗುಂಡಿಯ ಪ್ಲೇಟ್, ಒಟ್ಟಿಗೆ ತುಂಬ ಸ್ಯಾಂಪಲ್ ಇದ್ರೆ ಲಾಭ, ಒಂದೆರಡಕ್ಕೆ ನಷ್ಟ.

ಇನ್ನು ರೈತರು ತಾವೇ ಮಾಡ್ಬಹುದಾದದ್ದು ಪಟ್ಟಿ ಟೆಸ್ಟ್, ಕೋವಿಡ್ ಟೈಮಲ್ಲಿ ಮನೆಯಲ್ಲಿ ಮಾಡಿದ್ವಲ್ಲ, ಅಂತದ್ದೇ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೇನೆ, ಯಾಕಂದ್ರೆ ತಪ್ಪಾಗುದು ಇಲ್ಲೇ. ಬೇರೆಬೇರೆ ಹಗ್ಗದಿಂದ, ಮೇಲೆ ನಡು ಕೆಳಗೆ ಮೂರೂ ಕಡೆಯಿಂದ ಹತ್ತು ಹದಿನೈದು ಪಚ್ಚಿಲೆ ತೆಗೆದು, ಮಾಂಸ ಬಿಡಿಸಿ ಒಟ್ಟಿಗೆ ಮಿಕ್ಸಿಗೆ ಹಾಕ್ಬೇಕು. ಆ ಮಿಕ್ಸಿ ಜಾರ್ ಅಡಿಗೆಗೆ ಮತ್ತೆ ಬಳಸ್ಲಿಕ್ಕಿಲ್ಲ. ಕಿಟ್‌ನ ದ್ರಾವಣದಲ್ಲಿ ಕಲಸಿ ಸೋಸಿ ಪಟ್ಟಿಗೆ ಹನಿ ಹಾಕುದು. ಕೆನಡಾದಲ್ಲಿ ಮೊದ್ಲು ಬಂದ ಒಂದು ಕಿಟ್‌ಗೆ ವಿನೆಗರ್ ಮತ್ತು ಐಸೊಪ್ರೊಪೈಲ್ ಆಲ್ಕೋಹಾಲ್ ಕಲಸಿದ್ರೆ ಸಾಕಿತ್ತು, ಅಷ್ಟು ಸುಲಭ. ಅರ್ಧ ಗಂಟೆಯೊಳಗೆ ಗೆರೆ ಬರ್ತದೆ.

ಈಗ ಗಮನ ಕೊಟ್ಟು ಓದಿ. ಈ ಪಟ್ಟಿಯಲ್ಲಿ ಎರಡು ಗೆರೆ ಬಂದ್ರೆ ಒಳ್ಳೇದು, ಒಂದೇ ಗೆರೆ ಬಂದ್ರೆ ವಿಷ. ಕೋವಿಡ್, ಪ್ರೆಗ್ನೆನ್ಸಿ ಪಟ್ಟಿಗೆ ಪೂರ್ತಿ ಉಲ್ಟಾ. ವಿಷ ಇದ್ರೆ ಅದು ಬಣ್ಣ ಹಿಡ್ಕೊಂಡ ಆಂಟಿಬಾಡಿಯನ್ನು ತಾನೇ ಹಿಡಿತದೆ, ಗೆರೆಗೆ ಎಂತದೂ ಉಳಿಯುದಿಲ್ಲ, ಅದಕ್ಕೆ ಮಾಸಿ ಹೋಗ್ತದೆ. ನಾನು ತೋರಿಸಿಕೊಡ್ತಿದ್ದಾಗ್ಲೇ ಒಬ್ಬ ಅಣ್ಣ ಮಾಸಿದ ಗೆರೆ ನೋಡಿ "ನೆಗೆಟಿವ್ ಮಾರಾಯ್ರೆ, ಬಚಾವ್" ಅಂತ ಹಗ್ಗ ಎಳಿಲಿಕ್ಕೆ ದೋಣಿ ಹತ್ತಿದ್ರು. ಅವತ್ತಿಂದ ನಾನು ಕಿಟ್ ಡಬ್ಬದ ಮೇಲೆ ಮಾರ್ಕರ್‌ನಲ್ಲಿ ದೊಡ್ಡದಾಗಿ "ಎರಡು ಗೆರೆ = ಸರಿ" ಅಂತ ಬರ್ದೇ ಕೊಡುದು.

ಇನ್ನೊಂದು ಕೊರತೆ ಉಂಟು. ಸ್ಯಾಕ್ಸಿಟಾಕ್ಸಿನ್ ಅಂದ್ರೆ ಒಂದಲ್ಲ, ಹತ್ತಾರು ಅಣ್ಣತಮ್ಮಂದಿರು. ಪಟ್ಟಿಯ ಆಂಟಿಬಾಡಿ ಸ್ಯಾಕ್ಸಿಟಾಕ್ಸಿನ್‌ನ್ನು ಚೆನ್ನಾಗಿ ಹಿಡಿತದೆ, ನಿಯೋಸ್ಯಾಕ್ಸಿಟಾಕ್ಸಿನ್‌ನ್ನು ಅಷ್ಟು ಹಿಡಿಯುದಿಲ್ಲ, ಅದೂ ಅಷ್ಟೇ ವಿಷ. ನಿಮ್ಮ ಅಳಿವೆಗೆ ಬರುವ ಪಾಚಿ ಯಾವ ಮಿಶ್ರಣ ಮಾಡ್ತದೆ ಅನ್ನುದರ ಮೇಲೆ ಪಟ್ಟಿಯ ಬೆಲೆ ನಿಂತಿದೆ. ಹಾಗಾಗಿ ಶುರುವಿನಲ್ಲಿ ನಾಲ್ಕೈದು ಸಲ ಒಂದೇ ಸ್ಯಾಂಪಲನ್ನು ಪಟ್ಟಿಗೂ ಹಾಕಿ ಲ್ಯಾಬಿಗೂ ಕಳಿಸಿ, ಎರಡೂ ಒಂದೇ ಮಾತು ಹೇಳ್ತದಾ ನೋಡಿ. ಮತ್ತೆ ಒಂದು ಗುಂಪಿನ ಪಟ್ಟಿ ಆ ಗುಂಪಿಗೆ ಮಾತ್ರ. ಪಟ್ಟಿಯನ್ನು ಕೊಯ್ಲು ನಿಲ್ಲಿಸ್ಲಿಕ್ಕೆ ಬಳಸಿ, ಕೊಯ್ಲಿಗೆ ಒಪ್ಪಿಗೆ ಕೊಡ್ಲಿಕ್ಕೆ ಬಳಸ್ಬೇಡಿ.

ತೆಗಿಯುವ ದಾರಿಗಳು

ಬೇಯಿಸಿದ್ರೆ ಹೋಗ್ತದಾ? ಇಲ್ಲ. ಈ ವಿಷಗಳು ಅಡಿಗೆಯ ಶಾಖಕ್ಕೆ ಜಗ್ಗುದಿಲ್ಲ, ಫ್ರೀಜರಿಗೂ ಇಲ್ಲ. ನಮ್ಮ ಮನೆಗಳಲ್ಲಿ ಮರುವಾಯಿಯನ್ನು ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿ ಬಾಯಿ ಬಿಡುವ ತನಕ ಬೇಯಿಸಿ, ಅದರ ನೀರು ಬಿಟ್ಟದ್ದನ್ನು ಚೆಲ್ಲದೆ ಅದೇ ಗಸಿಗೆ ಹಾಕ್ತಾರಲ್ಲ, ರುಚಿ ಇರುದೇ ಅದರಲ್ಲಿ. ಸ್ಯಾಕ್ಸಿಟಾಕ್ಸಿನ್ ನೀರಲ್ಲಿ ಕರಗುದು, ಮಾಂಸದಿಂದ ಹೊರಟು ಆ ನೀರಿಗೇ ಬರ್ತದೆ. ಅದನ್ನು ಗಸಿಗೆ ಹಾಕಿದ್ರೆ ಎಂತ ಹೋಯ್ತು? ಒಕಡಾಯಿಕ್ ಗುಂಪಿನದ್ದು ಕೊಬ್ಬಿನಲ್ಲಿ ಕರಗುದು, ಬೇಯಿಸಿದಾಗ ಮಾಂಸದ ನೀರು ಹೋಗಿ ಮಾಂಸ ಕುಗ್ತದೆ, ವಿಷ ಅಲ್ಲೇ ಉಳಿತದೆ, ಅಂದ್ರೆ ಗ್ರಾಮಿಗೆ ಲೆಕ್ಕ ಹಾಕಿದ್ರೆ ಬೇಯಿಸಿದ್ದರಲ್ಲೇ ಜಾಸ್ತಿ. ರಾತ್ರಿ ಬಕೆಟಿನಲ್ಲಿ ನೆನೆ ಹಾಕುದು ಹೊಯ್ಗೆ ಹೋಗ್ಲಿಕ್ಕೆ, ವಿಷ ಹೋಗ್ಲಿಕ್ಕಲ್ಲ.

ಸ್ಪೇನ್‌ನಲ್ಲಿ ಒಂದು ಜಾತಿಯ ಮರುವಾಯಿಗೆ ಮಾತ್ರ ಯುರೋಪ್ 1996ರಲ್ಲಿ ಒಂದು ದಾರಿ ಒಪ್ಪಿಕೊಂಡಿತು: 100 ಗ್ರಾಮಿಗೆ 300 ಮೈಕ್ರೊಗ್ರಾಂ ಒಳಗೆ ಇದ್ರೆ ಫ್ಯಾಕ್ಟರಿಯಲ್ಲಿ ಹಲವು ಸಲ ತೊಳೆದು, ಬೇರೆಬೇರೆ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿ, ಡಬ್ಬಕ್ಕೆ ತುಂಬಿ ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಬಿಸಿ) ಮಾಡುದು, ಆಮೇಲೂ ಟೆಸ್ಟ್ ಮಾಡಿ 80ರ ಒಳಗೆ ಬಂದ್ರೆ ಮಾತ್ರ ಮಾರುದು. ಇದನ್ನು ತೋರಿಸಿ ಮನೆಯಲ್ಲಿ ಕುದಿಸಿ ಚೆಲ್ಲಿದ್ರೆ ಆಯ್ತು ಅಂತ ಯಾರೂ ಹೇಳ್ಬಾರ್ದು.

ಸ್ಕ್ಯಾಲಪ್ ಅನ್ನುವ ಚಿಪ್ಪುಮೀನಿಗೆ ಇನ್ನೊಂದು ದಾರಿ, ವಿಷ ಕೂತಿರುದು ಹೆಚ್ಚಾಗಿ ಹೊಟ್ಟೆಯ ಭಾಗದಲ್ಲಿ, ಅದನ್ನು ಕಿತ್ತು ಬಿಳಿ ಸ್ನಾಯು ಮಾತ್ರ ಮಾರುದು. ಪಚ್ಚಿಲೆ ಮರುವಾಯಿಯನ್ನು ನಾವು ಇಡೀ ತಿನ್ನುದು, ಹಾಗಾಗಿ ನಮಗೆ ಆಗ್ಲಿಕ್ಕಿಲ್ಲ.

ಯುವಿ ಟ್ಯಾಂಕ್: ಇ-ಕೋಲಿಗೆ ಖಂಡಿತ ಬೇಕು, ನಮ್ಮ ಅಳಿವೆಗೆ ಬರುವ ಕೊಳಚೆ ನೀರಿಗೆ ಅದು ಒಳ್ಳೆಯ ಹೂಡಿಕೆಯೇ. ಆದ್ರೆ ಯುವಿ ಲೈಟ್ ಬೀಳುದು ನೀರಿನ ಮೇಲೆ, ವಿಷ ಇರುದು ಮಾಂಸದ ಒಳಗೆ. ಎರಡು ದಿನದಲ್ಲಿ ಅದು ಹೊರಗೆ ಬರುದಿಲ್ಲ. ಓಝೋನ್ ಪ್ರಯೋಗಗಳ ಫಲ ಒಂದು ಕಡೆ ಹೀಗೆ ಇನ್ನೊಂದು ಕಡೆ ಹಾಗೆ, ನಂಬಿ ವ್ಯಾಪಾರ ಮಾಡುವಂತದ್ದಲ್ಲ. ಕ್ಲೋರಿನ್ ರುಚಿ ಕೆಡಿಸ್ತದೆ.

ಬೇರೆ ಶುದ್ಧ ನೀರಿಗೆ ಸಾಗಿಸುದು ಕೇಳ್ಲಿಕ್ಕೆ ಚಂದ, ಆದ್ರೆ ಕೂಲಿ, ಸಾಗಿಸುವಾಗ ಸಾಯುದು, ಅದಕ್ಕಿಂತ ದೊಡ್ಡ ಅಪಾಯ ಅಂದ್ರೆ ಪಾಚಿಯ ಬೀಜದ ಹಾಗಿರುವ ಸಿಸ್ಟ್‌ಗಳು ಪಚ್ಚಿಲೆಯ ಹೊಟ್ಟೆಯಲ್ಲಿ ಕೂತು ಒಳ್ಳೆಯ ಅಳಿವೆಗೂ ಹೋಗ್ತವೆ.

ಉಳಿದದ್ದು ಕಾಯುದು. ಪಾಚಿ ಹೋದ ಮೇಲೆ ಪಚ್ಚಿಲೆ ಒಳ್ಳೆಯ ಪಾಚಿ ತಿಂದು ತಾನೇ ಖಾಲಿ ಮಾಡ್ಕೊಳ್ತದೆ. ಪಚ್ಚಿಲೆ ಜಾತಿ ಬೇಗ, ಡೊಮೊಯಿಕ್ ದಿನಗಳ ಲೆಕ್ಕ, ಉಳಿದದ್ದು ವಾರಗಳ ಲೆಕ್ಕ. ಅಮೆರಿಕದ ಬಟರ್ ಕ್ಲಾಮ್ ಅನ್ನುವ ಮರುವಾಯಿ ಎರಡು ವರ್ಷದ ತನಕ ಸ್ಯಾಕ್ಸಿಟಾಕ್ಸಿನ್ ಹಿಡ್ಕೊಂಡಿರ್ತದೆ. ಯುರೋಪಿನಲ್ಲೇ ಅತಿ ಹೆಚ್ಚು ಪಚ್ಚಿಲೆ ಬೆಳೆಯುವ ಸ್ಪೇನ್‌ನ ಗಲೀಸಿಯಾದಲ್ಲೂ ಮಾಡುದು ಇದನ್ನೇ, ಸರ್ಕಾರದ ಸಂಸ್ಥೆ ಸ್ಯಾಂಪಲ್ ನೋಡಿ ಒಂದೊಂದು ಭಾಗವನ್ನು ಬಂದ್ ಮಾಡ್ತದೆ, ಓಪನ್ ಮಾಡ್ತದೆ. ಅವರ ಹತ್ರ ದುಡ್ಡಿಗೆ ಕೊರತೆ ಇಲ್ಲ, ವಿಷ ತೆಗಿಯುವ ಮೆಷಿನ್ ಇದ್ದಿದ್ರೆ ಅವರು ತಗೊಳ್ತಿರ್ಲಿಲ್ವಾ?

ನಮ್ಮ ಕಷ್ಟ ಬೇರೆ. ಮಳೆಗಾಲ ಮುಗಿದ ಮೇಲೆ ನವೆಂಬರ್ ಡಿಸೆಂಬರಿನಲ್ಲಿ ಮರಿ ಕಟ್ಟಿದ್ರೆ ಏಪ್ರಿಲ್ ಮೇ ತಿಂಗಳಲ್ಲಿ ಕೊಯ್ಲು, ಜೂನಿಗೆ ಮಳೆ ಬಂದು ಅಳಿವೆ ಸಿಹಿನೀರಾದ್ರೆ ಪಚ್ಚಿಲೆ ಹಗ್ಗದಲ್ಲೇ ಸಾಯ್ತದೆ. ಗಲೀಸಿಯಾದವರು ಎರಡು ತಿಂಗಳು ಕಾಯ್ಬಹುದು, ಮೇ ಹದಿನೈದಕ್ಕೆ ವಿಷ ಬಂದ್ರೆ ನಮಗೆ ಅಷ್ಟು ಟೈಮ್ ಇಲ್ಲ. ಅದಕ್ಕೇ ಟೆಸ್ಟಿಗೆ ದುಡ್ಡು ಹಾಕಿ ಅಂತ ಹೇಳಿದ್ದು, ಬೇಗ ಗೊತ್ತಾದ್ರೆ ಕಾಯ್ಲಿಕ್ಕೆ ದಿನ ಉಳಿತದೆ.

ನಾನು ಹೇಗೆ ಮಾಡ್ತೇನೆ ಅಂದ್ರೆ

ನಾಲ್ಕೈದು ಮನೆಯವರು ಸೇರಿ ಹಗ್ಗ ಕಟ್ಟಿದ್ದಾದ್ರೆ: ಫೆಬ್ರವರಿಯಿಂದ ವಾರಕ್ಕೊಮ್ಮೆ ನೀರಿನ ಸ್ಯಾಂಪಲ್, ಮೈಕ್ರೊಸ್ಕೋಪ್ ಹತ್ರದ ಕಾಲೇಜಿನಲ್ಲಿ. ಮಾರ್ಚಿನಿಂದ ಹದಿನೈದು ದಿನಕ್ಕೊಮ್ಮೆ ಸ್ಯಾಕ್ಸಿಟಾಕ್ಸಿನ್ ಪಟ್ಟಿ, ನೀರಲ್ಲಿ ಸಂಶಯದ ಪಾಚಿ ಕಂಡ್ರೆ ವಾರಕ್ಕೊಮ್ಮೆ. ಕೊಯ್ಲಿನ ಮೊದ್ಲು ಲ್ಯಾಬ್ ರಿಪೋರ್ಟ್. ಎಲ್ಲ ಹಗ್ಗ ಒಂದೇ ದಿನ ಕೊಯ್ಯದೆ ಮೂರು ಕಂತಿನಲ್ಲಿ ಕೊಯ್ದ್ರೆ, ಒಂದು ಕಂತು ಸಿಕ್ಕಿಬಿದ್ರೂ ಇಡೀ ವರ್ಷ ಹೋಗುದಿಲ್ಲ. ಎಕ್ಸ್‌ಪೋರ್ಟ್‌ಗೆ ಕೊಡುವವರಾದ್ರೆ ಪಟ್ಟಿ ಗಿಟ್ಟಿ ಯಾರೂ ಕೇಳುದಿಲ್ಲ, ತಗೊಳ್ಳುವ ದೇಶ ಒಪ್ಪುವ ವಿಧಾನದ ರಿಪೋರ್ಟೇ ಬೇಕು, ಅದನ್ನು ಮೊದ್ಲೇ ಬರಹದಲ್ಲಿ ಕೇಳಿ ಇಟ್ಕೊಳ್ಳಿ. ಅಳಿವೆಯಲ್ಲಿ ಹೆಕ್ಕಿ ಸಂತೆಯಲ್ಲಿ ಮಾರುವ ಅಕ್ಕಂದಿರಿಗೆ ಕಿಟ್ ತಗೊಳ್ಳಿ ಅಂತ ಹೇಳುದು ನ್ಯಾಯ ಅಲ್ಲ, ಅವರಿಗೋಸ್ಕರ ಟೆಸ್ಟ್ ಮಾಡಿಸುದು ಸರ್ಕಾರದ ಕೆಲ್ಸ, ಪಂಚಾಯತ್ ಸಭೆಯಲ್ಲಿ ಕೇಳ್ಬೇಕಾದ್ದು ಇದನ್ನು.

ಪಾಸಿಟಿವ್ ಬಂತು ಅಂತ ಇಟ್ಕೊಳ್ಳಿ. ಕೊಯ್ಲು ನಿಲ್ಲಿಸಿ, ಹಗ್ಗ ನೀರಲ್ಲೇ ಬಿಡಿ, ಅದೇ ಸ್ಯಾಂಪಲ್ ಐಸ್ ಹಾಕಿ ಲ್ಯಾಬಿಗೆ ಕಳಿಸಿ. ಆಮೇಲೆ ಒಂದು ಕ್ಲೀನ್ ರಿಪೋರ್ಟ್ ಬಂದ ಕೂಡ್ಲೆ ಓಡ್ಬೇಡಿ. ಯುರೋಪಿನ ನಿಯಮ ಕನಿಷ್ಠ 48 ಗಂಟೆ ಅಂತರದಲ್ಲಿ ಸಾಲಾಗಿ ಎರಡು ಸಲ ಮಿತಿಯ ಒಳಗೆ ಬರ್ಬೇಕು ಅಂತ, ನಾವೂ ಅದನ್ನೇ ಹಿಡಿದ್ದೇವೆ.

ಯಾರಾದ್ರೂ ತಿಂದು ತುಟಿ ಜುಂ ಅಂದ್ರೆ ಮಜ್ಜಿಗೆ, ಕಷಾಯ ಕೊಡ್ತಾ ಕೂತ್ಕೊಳ್ಬೇಡಿ. ಹತ್ರದ ಕ್ಲಿನಿಕ್ಕಿಗಲ್ಲ, ವೆಂಟಿಲೇಟರ್ ಇರುವ ಆಸ್ಪತ್ರೆಗೇ ಸೀದಾ ಹೋಗಿ, ಉಸಿರಾಟಕ್ಕೆ ಆಸರೆ ಕೊಟ್ಟು ವಿಷ ಮೈಯಿಂದ ಹೋಗುವ ತನಕ ಕಾದ್ರೆ ಮನುಷ್ಯ ಉಳಿತಾನೆ. ಪಾತ್ರೆಯಲ್ಲಿ ಉಳಿದ ಗಸಿ ಚೆಲ್ಲದೆ ಡಬ್ಬಕ್ಕೆ ಹಾಕಿ, ಮೇಲೆ "ತಿನ್ಬೇಡಿ" ಅಂತ ಬರೆದು ಫ್ರೀಜರಿನಲ್ಲಿಡಿ, ಮರುದಿನ ಲ್ಯಾಬಿಗೆ ಮೊದ್ಲು ಬೇಕಾಗುದು ಅದೇ.